ಹಗುರದಲ್ಲಿ ಇಪ್ಪತ್ತಾರು ಗ್ರಾಂ ಕಡಿಮೆ

ನಮ್ಮ ಭಾವನವರು ತೂಕ-ಅಳತೆ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಪೇಟೆಯ ಅಂಗಡಿಗಳಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಬಟ್ಟೆ ಅಳೆಯುವ ಕೋಲು ಇವನ್ನೆಲ್ಲ ಪರೀಕ್ಷಿಸುವುದು, ಸರಿ ಇದ್ದರೆ ಮುದ್ರೆ ಒತ್ತುವುದು, ಸರಿ ಇಲ್ಲದಿದ್ದರೆ ಬಟ್ಟೆಚೀಲಕ್ಕೆ ಹಾಕಿ ಅರಗಿನ ಸೀಲು ಬಡಿದು ವಶಪಡಿಸಿಕೊಳ್ಳುವುದು ಅವರ ಕೆಲಸ. ಕಚೇರಿ ಮುಚ್ಚಿದ ಮೇಲೆ ಈ ಕೆಲಸವೂ ಮುಚ್ಚುತ್ತದೆ ಎಂದು ಸರ್ಕಾರ ತಿಳಿದುಕೊಂಡಿದೆ. ಸರ್ಕಾರಕ್ಕೆ ನಮ್ಮ ಭಾವನವರು ಗೊತ್ತಿಲ್ಲ. ಅಕ್ಕನನ್ನು ಕೇಳಲು ಮೊದಲ ಸಲ ನಮ್ಮ ಮನೆಗೆ ಬಂದಾಗ, ಅಪ್ಪ ಮುಂದಿಟ್ಟ ಬಿಸ್ಕತ್ತಿನ ಪೊಟ್ಟಣವನ್ನು ಅಂಗೈಯಲ್ಲಿ ಎರಡು ಸಲ ಕುಣಿಸಿ, "ಇದರಲ್ಲಿ ಹತ್ತು ಗ್ರಾಂ ಕಮ್ಮಿ ಇದೆ" ಎಂದವರು ಅವರು. ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಯೋಚಿಸಿ, "ಈತ ನಮ್ಮ ಹುಡುಗಿಗೆ ಮೋಸ ಮಾಡೋದಿಲ್ಲ. ನೆಮ್ಮದೀನೂ ಕೊಡೋದಿಲ್ಲ" ಎಂದು ಒಪ್ಪಿಗೆ ಕೊಟ್ಟರು. ಎರಡೂ ನಿಜವಾಯಿತು.

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ ಎಲ್ಲ ಕಡೆಯೂ ಇದ್ದಾರೆ. ಭಾವನವರು ಹಾಗೆ ಬಾಯಿಗೆ ಬಂದದ್ದು ಹೇಳುವವರಲ್ಲ. ಅವರು ಮೊಲವನ್ನು ತೂಗಿ ನೋಡಿ ಎರಡೂಮುಕ್ಕಾಲು ಕಾಲು ಎನ್ನುತ್ತಾರೆ; ಎಂದ ಮೇಲೆ ಮೊಲವೂ ಅದನ್ನು ಒಪ್ಪಿಕೊಳ್ಳಬೇಕು.

ಇಂಥವರ ಕೈಗೆ ಲ್ಯಾಪ್‌ಟಾಪ್ ಕೊಟ್ಟು 'ಹೇಗಿದೆ ನೋಡಿ' ಎಂದದ್ದು ಅವರ ಸಾಹೇಬರ ತಪ್ಪು. ಕಚೇರಿಯಲ್ಲಿ ಇನ್ಸ್‌ಪೆಕ್ಟರುಗಳಿಗೆ ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪ್‌ಗಳು ಒಂದೊಂದೂ ಒಗೆಯುವ ಕಲ್ಲಿನ ಹಾಗಿದ್ದವು. ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಡಿ ಅಂಗಡಿ ಸುತ್ತಿ ಒಬ್ಬರಿಗೆ ಬಲಭುಜವೇ ಇಳಿದುಹೋಗಿತ್ತು. ಅವರನ್ನು ಇಡೀ ಕಚೇರಿ ಓರೆಭುಜದವರು ಎಂದೇ ಕರೆಯುತ್ತಿತ್ತು. ಈಗೀಗ ಅವರ ಮನೆಯವರೂ ಹಾಗೇ ಕರೆಯುತ್ತಾರೆ. ಒಂದು ದಿನ ಸಾಹೇಬರು ಎಲ್ಲರನ್ನೂ ಕೋಣೆಗೆ ಕರೆದು, ಮೇಜಿನ ಮೇಲೆ ಒಂದು ಬಿಳಿಯ ಪೆಟ್ಟಿಗೆ ಇಟ್ಟರು.

"ಬಹಳ ಮೇಲ್ದರ್ಜೆಯದಂತೆ. ಕಂಪನಿಯವರು ನೋಡೋದಕ್ಕೆ ಅಂತ ಕೊಟ್ಟಿದ್ದಾರೆ. ತೆಳ್ಳಗಿದೆ, ಪುಟ್ಟದಾಗಿದೆ, ತೂಕವೇ ಇಲ್ಲ. ಯಾರಾದ್ರೂ ಒಬ್ಬರು ಉಪಯೋಗಿಸಿ ನೋಡಿ ಹೂಂ ಅಂದ್ರೆ, ಎಲ್ಲರಿಗೂ ಒಂದೊಂದು ತರಿಸ್ತೀನಿ. ಮುಂದಿನ ವಾರ ಮೇಲಿನ ಕಚೇರಿಯಿಂದ ದೊಡ್ಡ ಮೇಡಂ ಬರ್ತಾರೆ, ಅಷ್ಟರಲ್ಲಿ ಆಗಬೇಕು."

ಯಾರೂ ಮುಂದೆ ಬರಲಿಲ್ಲ. ಮುಂದೆ ಬಂದವರು ವರದಿಯನ್ನೂ ಬರೆಯಬೇಕಾಗುತ್ತದೆ ಎಂಬುದು ಎಲ್ಲ ಕಚೇರಿಗಳಲ್ಲೂ ಎಲ್ಲರಿಗೂ ಗೊತ್ತಿರುವ ವಿಷಯ. ಭಾವನವರು ಮಾತ್ರ 'ತೂಕವೇ ಇಲ್ಲ' ಎಂಬ ಮಾತಿನಲ್ಲೇ ನಿಂತಿದ್ದರು.

"ತೂಕ ಇಲ್ಲದ ವಸ್ತು ಲೋಕದಲ್ಲಿಲ್ಲ ಸಾರ್" ಎಂದರು. "ಇಲ್ಲಿ ಕೊಡಿ. ನಾನು ಪರೀಕ್ಷೆ ಮಾಡ್ತೀನಿ."

ಸಾಹೇಬರು ಒಂದು ಕ್ಷಣ ಹಿಂದುಮುಂದು ನೋಡಿದರಂತೆ. ಯಾಕೆಂದರೆ ಹಳೆಯ ಲ್ಯಾಪ್‌ಟಾಪನ್ನು ಕೂಡ ಭಾವನವರು ತಾವಾಗಿ ಮುಟ್ಟಿದವರಲ್ಲ. ಓರೆಭುಜದವರು ಅದರ ಗುಂಡಿಗಳನ್ನು ಒತ್ತುತ್ತಿದ್ದರು, ಇವರು ಹಿಂದೆ ನಿಂತು ತಪ್ಪು ಹುಡುಕುತ್ತಿದ್ದರು. ಆದರೆ ಬೇರೆ ಯಾರೂ ಕೈ ಚಾಚಲಿಲ್ಲ.

ಪೆಟ್ಟಿಗೆ ಮನೆಗೆ ಬಂತು. ಅಕ್ಕನ ಮನೆ ಕೆಳಗೆ, ನನ್ನದು ಮೇಲೆ. ಆದ್ದರಿಂದ ಮುಂದಿನದೆಲ್ಲ ನನ್ನ ಕಣ್ಣ ಮುಂದೆಯೇ ಆದದ್ದು.

"ನೀವಾ ಇದನ್ನ ಪರೀಕ್ಷೆ ಮಾಡೋದು?" ಎಂದಳು ಅಕ್ಕ. "ಟಿವಿ ಶಬ್ದ ಕಮ್ಮಿ ಮಾಡೋಕೆ ಅಡುಗೆಮನೆಯಿಂದ ನನ್ನ ಕೂಗ್ತೀರಿ."

"ಶಬ್ದ ಬೇರೆ, ಪರೀಕ್ಷೆ ಬೇರೆ ಕಣೇ."

ಸುದ್ದಿ ತಿಳಿದು ಎದುರುಮನೆಯ ನಿವೃತ್ತ ಮೇಷ್ಟ್ರೂ ಅವರ ಹೆಂಡತಿಯೂ ಬಂದರು. ಭಾವನವರು ಪೆಟ್ಟಿಗೆ ತೆರೆದರು. ಒಳಗಿದ್ದದ್ದು ನಿಜಕ್ಕೂ ಚೆಂದದ ವಸ್ತು. ಪಾರಿವಾಳದ ಬಣ್ಣ, ಸ್ಲೇಟಿನಷ್ಟು ತೆಳು, ಮೂಲೆಗಳನ್ನು ಬೆಣ್ಣೆಯಿಂದ ತೀಡಿದ ಹಾಗಿತ್ತು. ಮೇಷ್ಟ್ರು ಕನ್ನಡಕ ಏರಿಸಿ, "ಒಳಗೆ ಜಾಗ ಎಷ್ಟಿದೆಯಂತೆ?" ಎಂದರು.

"ಇದೆ, ಬೇಕಾದಷ್ಟಿದೆ" ಎಂದರು ಭಾವನವರು, ಗೋದಾಮಿನ ಬೀಗದ ಕೈ ತಮ್ಮ ಹತ್ತಿರವೇ ಇರುವವರ ಹಾಗೆ. "ವೇಗ?" "ಅದೂ ಇದೆ." "ಪರದೆ ಒಳ್ಳೇದಾ?" ಎಂದರು ಮೇಷ್ಟ್ರ ಹೆಂಡತಿ. ಭಾವನವರು ಆಗ ಪೆಟ್ಟಿಗೆಯ ಹಿಂಬದಿ ಓದುತ್ತಿದ್ದರು. ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ತೂಕ ೯೮೦ ಗ್ರಾಂ.

ಬೇರೆಯವರ ನಡುಮನೆಯಲ್ಲಿ ಹೂದಾನಿ ಇರುವ ಜಾಗದಲ್ಲಿ ಭಾವನವರ ನಡುಮನೆಯಲ್ಲಿ ತಕ್ಕಡಿ ಇದೆ. ಫ್ಯಾನು ನಿಲ್ಲಿಸಿದರು. ಕಿಟಕಿ ಮುಚ್ಚಿಸಿದರು. ಲ್ಯಾಪ್‌ಟಾಪನ್ನು ಒಂದು ತಟ್ಟೆಯಲ್ಲಿ ಮಲಗಿಸಿ, ಇನ್ನೊಂದರಲ್ಲಿ ಕಲ್ಲುಗಳನ್ನು ಇಡುತ್ತ ಬಂದರು. ಕೊನೆಗೆ ಮೇಷ್ಟ್ರ ಕಡೆ ತಿರುಗಿ, "ಸ್ವಲ್ಪ ಆ ಕಡೆ ಉಸಿರು ಬಿಡ್ತೀರಾ?" ಎಂದರು. ಮೇಷ್ಟ್ರು ಗೋಡೆಯ ಕಡೆ ತಿರುಗಿ ನಿಂತರು. ಮುಳ್ಳು ನಿಂತಿತು. ಒಂದು ಸಾವಿರದ ಆರು ಗ್ರಾಂ.

"ಇಪ್ಪತ್ತಾರು ಗ್ರಾಂ ಸುಳ್ಳು" ಎಂದರು ಭಾವನವರು. ಅವರ ಮುಖದಲ್ಲಿ ಆಗ ಕಂಡ ತೃಪ್ತಿಯನ್ನು ಅಕ್ಕ ತನ್ನ ಮದುವೆಯ ದಿನವೂ ನೋಡಿರಲಿಕ್ಕಿಲ್ಲ.

"ಅವಸರ ಬೇಡಿ" ಎಂದರು ಮೇಷ್ಟ್ರು ಗೋಡೆಯನ್ನೇ ನೋಡುತ್ತ. "ಬ್ಯಾಟರಿಯಲ್ಲಿ ಕರೆಂಟು ತುಂಬಿದೆಯಲ್ಲ, ಅದರ ತೂಕವೂ ಸೇರಿರುತ್ತೆ. ತುಂಬಿದ ಕೊಡಕ್ಕೂ ಖಾಲಿ ಕೊಡಕ್ಕೂ ವ್ಯತ್ಯಾಸ ಇಲ್ವಾ?"

ಮೇಷ್ಟ್ರು ಶಾಲೆಯಲ್ಲಿ ಕಲಿಸುತ್ತಿದ್ದದ್ದು ಭೂಗೋಳ. ಆದ್ದರಿಂದ ವಿದ್ಯುತ್ತಿನ ವಿಷಯದಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ. ಭಾವನವರು ಕೂಡ ನ್ಯಾಯವಂತರು. ಆರೋಪಿಗೆ ಸಿಗಬೇಕಾದ ಅನುಕೂಲ ಸಿಗಲಿ ಎಂದು, ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತೂಗಲು ಒಪ್ಪಿದರು.

ಆದರೆ ಆ ಯಂತ್ರ ಖಾಲಿಯಾಗಲು ಒಪ್ಪಲಿಲ್ಲ. ಹಚ್ಚಿಟ್ಟರೆ ಬೆಳಗಿನಿಂದ ಸಂಜೆಯವರೆಗೆ ಉರಿಯಿತು. ಮಾರನೆಯ ದಿನವೂ ಉರಿಯಿತು. ಸುಮ್ಮನೆ ಬಿಟ್ಟರೆ ನಿದ್ದೆ ಹೋಗುತ್ತಿತ್ತು. ಹಾಗಾಗಿ ಅತ್ತಿತ್ತ ಓಡಾಡುವಾಗ ಅದನ್ನು ಮುಟ್ಟಿ ಎಬ್ಬಿಸುವ ಕೆಲಸ ಅಕ್ಕನ ಪಾಲಿಗೆ ಬಂತು. "ಇದೂ ನಿಮ್ಮ ಹಾಗೇ ರೀ" ಎಂದಳು. "ಏನೂ ಕೆಲಸ ಮಾಡೋದಿಲ್ಲ, ಆರೋದೂ ಇಲ್ಲ." ಭಾವನವರು ಕಚೇರಿಯಿಂದ ಫೋನು ಮಾಡಿ ವಿಚಾರಿಸುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು, "ಇಲ್ಲ, ಇನ್ನೂ ಸ್ವಲ್ಪ ಜೀವ ಇದೆ. ಸಂಜೆಯೊಳಗೆ ಹೋಗಬಹುದು. ಹೋದ ಕೂಡಲೇ ಹೇಳ್ತೀನಿ, ನೀವು ಗಾಬರಿ ಆಗ್ಬೇಡಿ" ಎನ್ನುವುದು ಬೀದಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಬಂದು, "ಯಾರಮ್ಮ, ನಿಮ್ಮ ಅತ್ತೇನಾ?" ಎಂದು ಕೇಳಿದರು. ಅತ್ತೆಯವರು ಹಿಂದಿನ ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದರು. ಆ ದಿನದಿಂದ ಅವರು ಆ ಅಜ್ಜಿಯ ಜೊತೆ ಮಾತು ಬಿಟ್ಟಿದ್ದಾರೆ.

ಕೊನೆಗೂ ಪರದೆ ಕಪ್ಪಾಯಿತು. ಮತ್ತೆ ಫ್ಯಾನು ನಿಂತಿತು, ಮೇಷ್ಟ್ರು ಗೋಡೆ ಕಡೆ ತಿರುಗಿದರು. ಒಂದು ಸಾವಿರದ ಆರು ಗ್ರಾಂ. ಒಂದು ಕೂದಲೆಳೆ ಕೂಡ ಆಚೀಚೆ ಇಲ್ಲ.

"ಹಾಗಾದ್ರೆ ಕರೆಂಟಿಗೆ ತೂಕ ಇಲ್ಲ ಅಂತಾಯ್ತು" ಎಂದರು ಮೇಷ್ಟ್ರು, ತಾವೇ ಕಂಡುಹಿಡಿದವರ ಹಾಗೆ.

ನನ್ನದು ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ಎದುರಿಗೆ ದಿನಸಿ ಅಂಗಡಿ. ಅದರ ಯಜಮಾನರಿಗೂ ಭಾವನವರಿಗೂ ಬಹಳ ಹಳೆಯ ಸಂಬಂಧ. ಅವರ ತಕ್ಕಡಿಗಳನ್ನು ಭಾವನವರು ಇಷ್ಟು ಸಲ ಹಿಡಿದುಕೊಂಡು ಹೋಗಿದ್ದಾರೆ ಎಂದರೆ, ಕಚೇರಿಯ ಉಗ್ರಾಣದಲ್ಲಿ ದಿನಸಿಯವರ ಎರಡನೆಯ ಅಂಗಡಿ ಇದೆ ಎಂದು ಜನ ಹೇಳುತ್ತಾರೆ. ಮಾರನೆಯ ಬೆಳಿಗ್ಗೆ ಭಾವನವರು ಪೆಟ್ಟಿಗೆ ಸಮೇತ ಲ್ಯಾಪ್‌ಟಾಪ್, ಬಟ್ಟೆಚೀಲ, ಅರಗು, ಮೇಣದಬತ್ತಿ ಹಿಡಿದು ನನ್ನ ಅಂಗಡಿಗೆ ಬಂದರು. ಚೀಲ ಕಂಡ ಕೂಡಲೇ ದಿನಸಿಯವರು ಅಭ್ಯಾಸಬಲದಿಂದ ತಮ್ಮ ತಕ್ಕಡಿಯನ್ನು ಒರೆಸತೊಡಗಿದರು.

"ನಿಮ್ಮದಲ್ಲ, ಬನ್ನಿ ಇಲ್ಲಿ" ಎಂದರು ಭಾವನವರು. "ವಶಪಡಿಸಿಕೊಳ್ಳೋಕೆ ಇಬ್ಬರು ಸಾಕ್ಷಿ ಬೇಕು. ಇವನೊಬ್ಬ, ನೀವೊಬ್ಬರು."

"ಭಾವ," ಎಂದೆ ನಾನು, "ಅವರು ಕೊಟ್ಟಿದ್ದು ಉಪಯೋಗಿಸಿ ನೋಡೋಕೆ. ಸೀಲು ಬಡಿದ್ರೆ ಉಪಯೋಗಿಸೋದು ಹೇಗೆ?"

"ಕಳ್ಳತಕ್ಕಡಿ ಸಿಕ್ಕಿದ್ರೆ ಅದರಲ್ಲಿ ಸಕ್ಕರೆ ತೂಗಿ ಚೆನ್ನಾಗಿದೆಯಾ ಅಂತ ನೋಡ್ತಾರೇನಯ್ಯ?"

ದಿನಸಿಯವರು ಎಲ್ಲವನ್ನೂ ಕೇಳಿಕೊಂಡು, ತಲೆ ಕೆರೆದು, "ಸ್ವಾಮಿ, ನನಗೊಂದು ಅರ್ಥ ಆಗ್ಲಿಲ್ಲ" ಎಂದರು. "ಪೆಟ್ಟಿಗೆ ಮೇಲೆ ಬರೆದಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದಾನಲ್ಲ. ಕಮ್ಮಿ ಕೊಟ್ಟವನನ್ನ ಹಿಡೀತೀರಿ, ಸರಿ. ಹೆಚ್ಚು ಕೊಟ್ಟವನನ್ನೂ ಹಿಡಿದ್ರೆ ವ್ಯಾಪಾರಿ ಹೋಗಿ ಎಲ್ಲಿ ಬೀಳ್ಬೇಕು?"

ಭಾವನವರು ಇದಕ್ಕೆ ಕೊಟ್ಟ ಉತ್ತರ ಇಂದಿಗೂ ನಮ್ಮ ಪೇಟೆಯಲ್ಲಿ ಓಡಾಡುತ್ತಿದೆ. "ನೀವು ಮಾರೋದು ಅಕ್ಕಿ. ಭಾರ ಹೆಚ್ಚಾದಷ್ಟೂ ಕೊಂಡವನಿಗೆ ಒಳ್ಳೇದು. ಇವರು ಮಾರೋದು ಏನು? ಹಗುರ. ಹಗುರಕ್ಕೇ ಅಂತ ಬೆಲೆ ತಗೋತಾರೆ. ಹಗುರ ಕೊಡ್ತೀನಿ ಅಂತ ಹೇಳಿ ಭಾರ ಕೊಟ್ಟರೆ, ಹಗುರದಲ್ಲಿ ಎಷ್ಟು ಕಮ್ಮಿ ಆಯ್ತು? ಇಪ್ಪತ್ತಾರು ಗ್ರಾಂ ಕಮ್ಮಿ ಆಯ್ತು."

ದಿನಸಿಯವರು ಕೈ ತೊಳೆದುಕೊಂಡು ಬಂದು, "ಎಲ್ಲಿ ಸಹಿ ಹಾಕಬೇಕು ತೋರಿಸಿ" ಎಂದರು. "ನನ್ನ ತಕ್ಕಡಿಗೆ ಸೀಲು ಬೀಳೋವಾಗ ಸಹಿ ಹಾಕೋಕೆ ಪಕ್ಕದಂಗಡಿಯವನು ಓಡಿಬರ್ತಿದ್ದ. ಅವನ ಮುಖದಲ್ಲಿ ಅಷ್ಟು ಸಂತೋಷ ಯಾಕೆ ಅಂತ ಇವತ್ತು ಗೊತ್ತಾಯ್ತು."

ಕಚೇರಿಯಲ್ಲಿ ನಡೆದದ್ದನ್ನು ನನಗೆ ಹೇಳಿದವರು ಓರೆಭುಜದವರು. ಭಾವನವರು ಚೀಲವನ್ನು ತಂದು ಮೇಜಿನ ಮೇಲೆ ಇಟ್ಟಾಗ ಸಾಹೇಬರು ಚಹಾ ಕುಡಿಯುತ್ತಿದ್ದರು. "ಓಹೋ, ಧೂಳು ಬೀಳಬಾರದು ಅಂತ ಚೀಲ ಹೊಲಿಸಿದ್ದೀರಿ, ಬಹಳ ಮುತುವರ್ಜಿ" ಎಂದು ಮೆಚ್ಚಿಕೊಂಡರು. ಆಮೇಲೆ ಅರಗು ಕಂಡಿತು. ಚಹಾ ಹೋಗಬಾರದ ಕಡೆ ಹೋಯಿತು.

"ಏನ್ರೀ ಇದು. ನಮ್ಮ ವಸ್ತುವನ್ನ ನಾವೇ ವಶಪಡಿಸಿಕೊಳ್ಳೋದಾ?"

"ನಮ್ಮದಲ್ಲ ಸಾರ್. ಇನ್ನೂ ಕೊಂಡಿಲ್ಲ."

"ಒಡೀರಿ ಸೀಲು."

"ತಪ್ಪು ತಿದ್ದಬೇಕು, ಸಾಕ್ಷಿಗಳು ಎದುರಿಗಿರಬೇಕು. ಆಗ ಒಡೀಬಹುದು. ನನಗೆ ಕೆಲಸ ಕಲಿಸಿದವರು ನೀವೇ ಅಲ್ವಾ ಸಾರ್."

ಕಲಿಸಿದ್ದು ಹೌದು. ಇಷ್ಟು ಚೆನ್ನಾಗಿ ಕಲಿಯುತ್ತಾರೆ ಎಂದು ಸಾಹೇಬರು ಅಂದುಕೊಂಡಿರಲಿಲ್ಲ, ಅಷ್ಟೇ.

ಸಾಹೇಬರು ಕಂಪನಿಯವನಿಗೆ ಫೋನು ಮಾಡಿದರು. ಅವನು ಇಸ್ತ್ರಿಯ ಅಂಗಿ, ಹೊಳೆಯುವ ಬೂಟು ಹಾಕಿಕೊಂಡು ಭಾವನವರನ್ನು ಹುಡುಕುತ್ತ ನನ್ನ ಅಂಗಡಿಗೇ ಬಂದ. ಭಾವನವರು ಸ್ಟೂಲಿನ ಮೇಲೆ ಕೂತಿದ್ದರು. ಎದುರಿನ ದಿನಸಿಯವರು ಗಿರಾಕಿಯನ್ನು ಬಿಟ್ಟು ಬಂದು ನನ್ನ ಬಾಗಿಲಲ್ಲಿ ನಿಂತರು. ಈಗ ಅವರು ಬರಿಯ ವ್ಯಾಪಾರಿಯಲ್ಲ, ಸಾಕ್ಷಿ.

"ಸಾರ್, ಬ್ಯಾಟರಿ ಹೇಗನ್ನಿಸ್ತು?" ಎಂದ ಕಂಪನಿಯವನು ನಗುತ್ತ.

"ಸಾಯಲೇ ಇಲ್ಲ. ಬಹಳ ತೊಂದರೆ ಆಯ್ತು."

ಅವನಿಗೆ ಇದನ್ನು ಹೊಗಳಿಕೆ ಎಂದು ತಿಳಿಯಬೇಕೋ ಬೇಡವೋ ಗೊತ್ತಾಗಲಿಲ್ಲ. ಕೊನೆಗೆ ತೂಕದ ವಿಷಯಕ್ಕೆ ಬಂದ. ತನ್ನ ಚೀಲದಿಂದ ಅದೇ ಥರದ ಖಾಲಿ ಪೆಟ್ಟಿಗೆಯೊಂದನ್ನು ತೆಗೆದು, ತೂಕದ ಅಂಕಿಯ ಪಕ್ಕದಲ್ಲಿದ್ದ ಸಾಸಿವೆಗಿಂತ ಸಣ್ಣ ನಕ್ಷತ್ರವನ್ನೂ, ಪೆಟ್ಟಿಗೆಯ ಇನ್ನೊಂದು ಮಗ್ಗುಲಿನಲ್ಲಿ ಇರುವೆಸಾಲಿನ ಹಾಗೆ ಹೋಗುತ್ತಿದ್ದ ಅಕ್ಷರಗಳನ್ನೂ ಬೆರಳಿಟ್ಟು ತೋರಿಸಿದ. ನನ್ನ ಸೂಜಿ ನೋಡುವ ಭೂತಗನ್ನಡಿ ಹಿಡಿದು ಓದಿದೆವು. ತೂಕ ೯೮೦ ಗ್ರಾಮಿನಿಂದ ಆರಂಭವಾಗುತ್ತದೆ ಎಂದು ಇತ್ತು.

"ಆರಂಭ ಅಲ್ಲಿಂದ ಸಾರ್" ಎಂದ ಅವನು. "ಮುಂದೆ ಒಂದೊಂದು ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ."

"ಕಮ್ಮಿ ಇರೋ ಒಂದನ್ನ ತಂದು ತೋರಿಸಿ."

"ಕಮ್ಮಿ ಇರೋದಿಲ್ಲ ಸಾರ್. ಹೆಚ್ಚೇ ಇರುತ್ತೆ."

"ಅಂದ್ರೆ ತೂಕ ಹೇಳಿಲ್ಲ ನೀವು. ತೂಕ ಯಾವ ಊರಿಂದ ಹೊರಟಿದೆ ಅಂತ ಹೇಳಿದ್ದೀರಿ. ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಹೇಳಿಲ್ಲ."

ಕಂಪನಿಯವನು ಬೆವರೊರೆಸಿಕೊಂಡು ಹೋದ. ದಿನಸಿಯವರು ಮಾತ್ರ ಅಲ್ಲೇ ನಿಂತು ಭೂತಗನ್ನಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಹಾಗೆ ನೋಡುವಾಗ ಅವರ ತಲೆಯಲ್ಲಿ ಏನೋ ಕುದಿಯುತ್ತಿದೆ ಎಂದು ನನಗೆ ಆಗಲೇ ಅನುಮಾನ ಬಂದಿತ್ತು.

ಮರುದಿನ ಬೆಳಿಗ್ಗೆ ದಿನಸಿ ಅಂಗಡಿಯ ಮುಂದೆ ಹೊಸ ಬೋರ್ಡು ತೂಗುತ್ತಿತ್ತು. 'ಅಕ್ಕಿ: ಒಂದು ಕಿಲೋವರೆಗೆ' ಎಂದು ಬರೆದು, ಪಕ್ಕದಲ್ಲಿ ಚೆಂದದ ಒಂದು ನಕ್ಷತ್ರ ಬಿಡಿಸಿದ್ದರು.

"ಅವರಿಗೆ 'ಇಷ್ಟರಿಂದ ಆರಂಭ' ಅನ್ನೋಕೆ ಕಾನೂನು ಇದ್ದರೆ, ನನಗೆ 'ಇಷ್ಟರವರೆಗೆ' ಅನ್ನೋಕೆ ಯಾಕಿಲ್ಲ ಸ್ವಾಮಿ?" ಎಂದರು ಭಾವನವರನ್ನು ಕಂಡ ಕೂಡಲೇ. "ಒಂದು ಕಿಲೋ ದಾಟಿದ್ರೆ ನನ್ನ ಹಿಡೀರಿ. ದಾಟೋದಿಲ್ಲ, ಆಣೆಯಿಟ್ಟು ಹೇಳ್ತೀನಿ."

ಮಧ್ಯಾಹ್ನದ ಹೊತ್ತಿಗೆ ಬಟ್ಟೆಯಂಗಡಿಯವರು 'ಮೀಟರಿನವರೆಗೆ' ಬೋರ್ಡು ಹಾಕಿದರು. ಹಾಲಿನವಳು ಕ್ಯಾನಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ನಕ್ಷತ್ರ ಎಳೆದಳು. ಅಕ್ಷರ ಬೇಕಿಲ್ಲ, ನಕ್ಷತ್ರ ಇದ್ದರೆ ಸಾಕು ಎಂದು ಯಾರೋ ಹೇಳಿದ್ದರಂತೆ. ಸಂಜೆಗೆ ಪೇಟೆ ನಕ್ಷತ್ರಗಳಿಂದ ತುಂಬಿಹೋಯಿತು.

"ತೆಗೀರಿ ಅದನ್ನ" ಎಂದರು ಭಾವನವರು.

"ತೆಗೀತೀವಿ. ಈಗಲ್ಲ. ಆ ಚೀಲದ ಸೀಲು ಕೊನೇವರೆಗೆ ಹಾಗೇ ಉಳಿದ್ರೆ ನೀವು ಹೇಳಿದ ಹಾಗೆ ಕೇಳ್ತೀವಿ" ಎಂದರು ದಿನಸಿಯವರು. ಹೀಗೆ ಹೇಳುವಾಗ ಅವರ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ಆದ್ರೆ ನಿಮ್ಮ ಸಾಹೇಬರು ಗದರಿಸಿದ್ರು ಅಂತ ಅದನ್ನ ಸುಮ್ಮನೆ ಒಡೆದು ಕೊಟ್ಟುಬಿಟ್ರೆ, ಆಮೇಲೆ ನನ್ನ ತಕ್ಕಡಿ ಮುಟ್ಟೋಕೆ ಬರಬೇಡಿ. ದೊಡ್ಡವರ ಸುಳ್ಳಿಗೆ ನಕ್ಷತ್ರ, ನಮ್ಮ ಸುಳ್ಳಿಗೆ ಅರಗು ಅಂತಾದ್ರೆ ನಾವು ಯಾಕೆ ಹೆದರಬೇಕು?"

ಭಾವನವರು ನನ್ನ ಅಂಗಡಿಗೆ ಬಂದು ಕೂತರು. ಅಷ್ಟು ಹೊತ್ತಿಗೆ ಸಾಹೇಬರ ಮಾತೂ ಬಂದು ಮುಟ್ಟಿತ್ತು. ದೊಡ್ಡ ಮೇಡಂ ಮುಂದೆ ಚೀಲ ಬಿಚ್ಚಿ, ಲ್ಯಾಪ್‌ಟಾಪ್ ಚೆನ್ನಾಗಿದೆ ಎಂದು ಹೇಳಬೇಕು. ಇಲ್ಲದಿದ್ದರೆ ಪೇಟೆಯ ಕೆಲಸ ಬಿಟ್ಟು ಹಳೆಯ ಕಡತಗಳ ಕೋಣೆಗೆ ಹೋಗಿ ಕೂರಬೇಕು. ಬಿಚ್ಚಿದರೆ ಪೇಟೆಯಲ್ಲಿ ಮರ್ಯಾದೆ ಹೋಗುತ್ತದೆ, ಬಿಚ್ಚದಿದ್ದರೆ ಪೇಟೆಯೇ ಹೋಗುತ್ತದೆ. ತಕ್ಕಡಿ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯನಿಗೆ ಇದು ಸಣ್ಣ ಮಾತಲ್ಲ.

"ಹೋಗ್ಲಿ ಬಿಡಿ ಭಾವ" ಎಂದೆ. "ಇಪ್ಪತ್ತಾರು ಗ್ರಾಂ ಅಂದ್ರೆ ಒಂದು ಹಿಡಿ ಕಡಲೆ."

"ಯಾರ ಹಿಡಿ?" ಎಂದರು ಅವರು.

ದೊಡ್ಡ ಮೇಡಂ ಬಂದ ದಿನ ಸಾಕ್ಷಿಗಳಾದ ನಮ್ಮಿಬ್ಬರಿಗೂ ಕರೆ ಬಂತು. ದಿನಸಿಯವರು ಒಗೆದ ಅಂಗಿ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿ, ಅಂಗಡಿಗೆ ಬೀಗ ಹಾಕಿ ಬಂದರು. ಅವರ ಅಂಗಡಿಗೆ ಹಗಲು ಹೊತ್ತಿನಲ್ಲಿ ಅವರ ಕೈಯಿಂದಲೇ ಬೀಗ ಬಿದ್ದದ್ದನ್ನು ಪೇಟೆ ಅವತ್ತೇ ನೋಡಿದ್ದು. ಸಾಹೇಬರ ಕೋಣೆಯಲ್ಲಿ ಮೇಡಂ, ಸಾಹೇಬರು, ಕಂಪನಿಯವನು, ಓರೆಭುಜದವರು. ಮೇಜಿನ ನಡುವೆ ಚೀಲ. ಭಾವನವರು ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು.

ದೊಡ್ಡ ಮೇಡಂ ವಯಸ್ಸಾದವರು, ದೂರದಿಂದ ಪ್ರಯಾಣ ಮಾಡಿ ದಣಿದಿದ್ದರು. "ಈ ಪಾರ್ಸಲ್ಲು ಏನು?" ಎಂದರು.

ಸಾಹೇಬರು ಶುರುಮಾಡಿದರು. ಯಂತ್ರ ಉತ್ತಮವಾದದ್ದೆಂದೂ, ಪರೀಕ್ಷೆ ಬಹಳ ಕೂಲಂಕಷವಾಗಿ ನಡೆದಿದೆಯೆಂದೂ, ಕೊಂಚ ಹೆಚ್ಚಾಗಿಯೇ ಕೂಲಂಕಷವಾಯಿತೆಂದೂ ಹೇಳಿ, "ಈಗ ಇವರು ಸೀಲು ಬಿಚ್ಚುತ್ತಾರೆ" ಎಂದು ಮುಗಿಸಿದರು.

ಭಾವನವರು ಕದಲಲಿಲ್ಲ. "ಬಿಚ್ಚೋದಿಲ್ಲ ಮೇಡಂ. ಪೆಟ್ಟಿಗೆ ಮೇಲೆ ಇರೋ ತೂಕ ಬೇರೆ, ಒಳಗಿರೋ ತೂಕ ಬೇರೆ. ತಿದ್ದಲಿ, ಬಿಚ್ಚುತ್ತೀನಿ."

"ಎಷ್ಟು ವ್ಯತ್ಯಾಸ?"

"ಇಪ್ಪತ್ತಾರು ಗ್ರಾಂ."

ಮೇಡಂ ಕನ್ನಡಕ ತೆಗೆದರು. "ಇಪ್ಪತ್ತಾರು ಗ್ರಾಮಿಗೆ ಇಷ್ಟೆಲ್ಲ ಮಾಡಿದ್ರಾ?"

"ಇಪ್ಪತ್ತಾರು ಗ್ರಾಮಿಗೆ ನಾನು ಈ ಪೇಟೆಯಲ್ಲಿ ಅಂಗಡಿ ಮುಚ್ಚಿಸಿದ್ದೀನಿ ಮೇಡಂ. ಮುಚ್ಚಿಸಿಕೊಂಡವರು ಇಲ್ಲೇ ನಿಂತಿದ್ದಾರೆ."

ಎಲ್ಲರೂ ದಿನಸಿಯವರ ಕಡೆ ತಿರುಗಿದರು. ಅವರು ಗಂಟಲು ಸರಿಮಾಡಿಕೊಂಡರು.

"ಹೌದು ತಾಯಿ, ಅದು ನಾನೇ. ನಾನು ಇವರಿಗೆ ಎಷ್ಟು ಬೈದಿದ್ದೀನಿ ಅಂದ್ರೆ ಅದನ್ನೆಲ್ಲ ಇಲ್ಲಿ ಹೇಳೋ ಹಾಗಿಲ್ಲ. ಈ ಮನುಷ್ಯನ ತಕ್ಕಡಿ ಮುಳ್ಳು ಒಂದು ದಿನವೂ ನನ್ನ ಕಡೆ ವಾಲಿಲ್ಲ. ಇದಕ್ಕೆ ಸೀಲು ಬಡಿದ ದಿನ ನೋಡಿದ್ರೆ ಸರ್ಕಾರದ ಕಡೆಗೂ ವಾಲಲಿಲ್ಲ. ನೋಡೋಕೆ ಬಹಳ ಚೆನ್ನಾಗಿತ್ತು."

ಮೇಡಂ ಕಂಪನಿಯವನಿಗೆ ಹೇಳಿದರು: "ಪೆಟ್ಟಿಗೆ ಮೇಲೆ ಸರಿಯಾದ ತೂಕ ಬರೆದು ಸಹಿ ಹಾಕಿ. ಇಲ್ಲೇ ಮುಗಿಸೋಣ." ಅವನು ಫೋನು ಹಿಡಿದು ಹೊರಗೆ ಹೋದ. ಕಾರಿಡಾರಿನಲ್ಲಿ ಅವನು ಒಬ್ಬರಾದ ಮೇಲೆ ಒಬ್ಬರಿಗೆ ಅದೇ ಕಥೆ ಹೇಳುವುದು ಕೇಳಿಸುತ್ತಿತ್ತು. ಪ್ರತಿ ಸಲವೂ ಅವನ ಧ್ವನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಒಳಗೆ ಬಂದು, "ಒಂದು ಊರಿಗೋಸ್ಕರ ಪೆಟ್ಟಿಗೆ ತಿದ್ದೋಕಾಗಲ್ವಂತೆ ಮೇಡಂ. ಎಲ್ಲ ಕಡೆಗೂ ಒಂದೇ ಪೆಟ್ಟಿಗೆಯಂತೆ" ಎಂದ.

"ಹಾಗಾದ್ರೆ ಎಲ್ಲ ಕಡೆಗೂ ಒಂದೇ ಸುಳ್ಳು" ಎಂದರು ಭಾವನವರು.

ಸಾಹೇಬರು ಕೊನೆಯ ಅಸ್ತ್ರ ಪ್ರಯೋಗಿಸಿದರು. "ನಿಮ್ಮ ಹಟಕ್ಕೆ ಈ ಮನುಷ್ಯ ಬಲಿಯಾಗಬೇಕಾ?" ಎಂದು ಓರೆಭುಜದವರನ್ನು ಹಿಡಿದು ಮುಂದಕ್ಕೆ ನಿಲ್ಲಿಸಿದರು. "ನೋಡಿ ಮೇಡಂ ಇವರ ಭುಜ. ಹೊಸದು ಬಂದಿದ್ರೆ ಇವರಿಗೆ ಮುಕ್ತಿ ಸಿಗ್ತಿತ್ತು. ನೀವೇ ಹೇಳ್ರೀ ನಿಮ್ಮ ಸ್ನೇಹಿತರಿಗೆ."

ಆ ಲ್ಯಾಪ್‌ಟಾಪ್ ಬೇಕೆಂದು ಎಲ್ಲರಿಗಿಂತ ಹೆಚ್ಚು ಆಸೆಪಟ್ಟವರು ಓರೆಭುಜದವರು. ಅವರು ಚೀಲವನ್ನು ನೋಡಿದರು. ಎತ್ತಿ ಒಂದು ಸಲ ಹೆಗಲಿಗೆ ಹಾಕಿಕೊಂಡೂ ನೋಡಿದರು. ನಿಧಾನವಾಗಿ ಕೆಳಗಿಟ್ಟು, "ಈ ಭುಜ ಇಳಿದದ್ದು ಇಳಿದುಹೋಯ್ತು ಸಾರ್" ಎಂದರು. "ಹಳೇದನ್ನ ಇನ್ನು ಮೇಲೆ ಎಡಗಡೆ ಹಾಕ್ಕೋತೀನಿ. ರಿಟೈರ್ ಆಗೋ ಹೊತ್ತಿಗೆ ಎರಡೂ ಸಮ ಆಗುತ್ತೆ."

ಮೇಡಂ ಭಾವನವರನ್ನು ಕೇಳಿದರು: "ವಸ್ತು ಹೇಗಿದೆ, ಅದನ್ನ ಹೇಳಿ. ಒಳ್ಳೇದಾ, ಕೆಟ್ಟದ್ದಾ?"

"ಒಳ್ಳೇ ವಸ್ತು ಮೇಡಂ. ಅಷ್ಟು ದಿನ ಆದ್ರೂ ಆರಲಿಲ್ಲ. ಇಷ್ಟು ಒಳ್ಳೇ ವಸ್ತುವಿಗೆ ಆ ಸುಳ್ಳು ಬೇಕಾಗಿರಲಿಲ್ಲ. ನೀವು ಕೊಳ್ಳೋದಾದ್ರೆ ಕೊಳ್ಳಿ, ತಡೆಯೋಕೆ ನಾನು ಯಾರು? ಆದ್ರೆ ಅದನ್ನ ಹೆಗಲಿಗೆ ಹಾಕ್ಕೊಂಡು ಇವರ ಅಂಗಡಿಗೆ ಹೋಗಿ, ತಕ್ಕಡಿ ತೋರಿಸಪ್ಪ ಅಂತ ಕೇಳೋಕೆ ನನ್ನ ಬಾಯಿ ಬರೋದಿಲ್ಲ. ಕಡತದ ಕೋಣೆಗೆ ಹಾಕ್ತೀರಾ, ಹಾಕಿ."

ಸಾಹೇಬರು ಈಗಲೇ ಹಾಕಿಬಿಡುವವರ ಹಾಗೆ ಪೆನ್ನು ತೆಗೆದರು. ಮೇಡಂ ಮಾತ್ರ ಭಾವನವರನ್ನು ಮೇಲಿನಿಂದ ಕೆಳಗೆ ನೋಡಿ, "ಬೇಡ" ಎಂದರು. "ಇವರನ್ನ ಅಲ್ಲಿ ಕೂರಿಸಿದ್ರೆ ನಮ್ಮ ಕಡತಗಳನ್ನೂ ತೂಗಿಬಿಡ್ತಾರೆ. ಪೇಟೆಯಲ್ಲೇ ಇರಲಿ, ಎಲ್ಲರಿಗೂ ಕ್ಷೇಮ." ಕಂಪನಿಯವನಿಗೆ, "ತಗೊಂಡು ಹೋಗಿ. ತೂಕ ತಿದ್ದಿದ ದಿನ ಬನ್ನಿ" ಎಂದರು. ಅವನು ಸೀಲು ಬಿಚ್ಚಿಕೊಡಿ ಎಂದು ಕೇಳಿದ. ಭಾವನವರು, ತಿದ್ದದೆ ಬಿಚ್ಚುವುದಿಲ್ಲ ಎಂದರು. ಜಗತ್ತಿನ ಅತ್ಯಂತ ಹಗುರವಾದ ಲ್ಯಾಪ್‌ಟಾಪ್‌ಗಳಲ್ಲಿ ಒಂದು, ಅರಗು ಬಟ್ಟೆ ಸೇರಿ ಇನ್ನಷ್ಟು ಭಾರವಾಗಿ, ಚೀಲದೊಳಗೇ ಕೂತು ತನ್ನ ಕಂಪನಿಗೆ ಹಿಂತಿರುಗಿತು. ತೂಕ ತಿದ್ದಿಕೊಂಡು ಯಾರೂ ಇವತ್ತಿನವರೆಗೆ ಬಂದಿಲ್ಲ.

ಮಾರನೆಯ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆರೆಯುವಾಗ ಭಾವನವರು ಪೇಟೆಯ ತುದಿಯಲ್ಲಿ ಕಾಣಿಸಿಕೊಂಡರು. ಹೆಗಲಲ್ಲಿ ಅವರು ಇಷ್ಟು ದಿನ ಮುಟ್ಟದೆ ಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪ್. ಅದರ ಭಾರಕ್ಕೆ ಒಂದು ಕಡೆ ಬಾಗಿ, ಆದರೆ ತಲೆ ಮಾತ್ರ ಎತ್ತಿಕೊಂಡು ಬರುತ್ತಿದ್ದರು. ಅವರು ಹತ್ತಿರ ಬಂದ ಹಾಗೆಲ್ಲ ಅಂಗಡಿಗಳ ಮುಂದಿನ ಬೋರ್ಡುಗಳು ಒಂದೊಂದಾಗಿ ಒಳಗೆ ಹೋದವು. ಹಾಲಿನವಳು ಸೆರಗಿನಿಂದ ಕ್ಯಾನು ಒರೆಸಿದಳು. ದಿನಸಿಯವರು ತಮ್ಮ ಬೋರ್ಡನ್ನು ಎಲ್ಲರಿಗಿಂತ ತಡವಾಗಿ, ಭಾವನವರು ಎದುರಿಗೆ ಬಂದು ನಿಂತ ಮೇಲೆ ಇಳಿಸಿದರು. ಸೋತೆ ಎಂದು ಯಾರೂ ಅಂದುಕೊಳ್ಳಬಾರದಲ್ಲ.

"ಏನು ಸ್ವಾಮಿ, ಈ ಒಗೆಯೋ ಕಲ್ಲು ಎಷ್ಟು ತೂಗುತ್ತೆ?" ಎಂದರು.

ಭಾವನವರು ಲ್ಯಾಪ್‌ಟಾಪನ್ನು ಅಕ್ಕಿಮೂಟೆಯ ಮೇಲೆ ಇಳಿಸಿ, ಭುಜ ತಿಕ್ಕಿಕೊಂಡರು.

"ಗೊತ್ತಿಲ್ಲ. ಇದರ ಮೇಲೆ ಏನೂ ಬರೆದಿಲ್ಲ, ಹಾಗಾಗಿ ಇದು ಸುಳ್ಳು ಹೇಳಿಲ್ಲ" ಎಂದರು. "ಈಗ ನಿಮ್ಮ ಕಲ್ಲು ತೆಗೀರಿ."